ಇಸ್ತ್ರಿ ಭಾವ ಮತ್ತು ಅಕ್ಕನ ಮಚ್ಚೆ

ನನ್ನ ಭಾವನಿಗೆ ಬೀದಿಯವರು ಇಟ್ಟ ಹೆಸರು ಇಸ್ತ್ರಿ. ಬಟ್ಟೆಗೂ ಅವರಿಗೂ ಏನೂ ಸಂಬಂಧವಿಲ್ಲ, ಅವರ ಅಂಗಿ ಯಾವತ್ತೂ ಮುದುಡಿಕೊಂಡೇ ಇರುತ್ತದೆ. ಅವರು ಇಸ್ತ್ರಿ ಹೊಡೆಯುವುದು ಜನರ ಮುಖಕ್ಕೆ. ಫೋಟೋ ಸ್ಟುಡಿಯೋ ಇಟ್ಟಿದ್ದಾರೆ. ಸುಕ್ಕು, ಮೊಡವೆ, ಕಲೆ, ಕಣ್ಣಿನ ಕೆಳಗಿನ ಕಪ್ಪು, ಏನನ್ನು ಬೇಕಾದರೂ ಹೊತ್ತುಕೊಂಡು ಒಳಗೆ ಹೋಗಿ. ಹೊರಗೆ ಬರುವಾಗ ನಿಮ್ಮ ಕೈಯಲ್ಲಿರುವ ಫೋಟೋದಲ್ಲಿ ಆಗಷ್ಟೇ ಸಿಪ್ಪೆ ಸುಲಿದ ಮೊಟ್ಟೆಯಂಥ ಮುಖ ಇರುತ್ತದೆ.

ಅವರ ಸ್ಟುಡಿಯೋಗೆ ಅಂಟಿಕೊಂಡೇ ನನ್ನ ಕನ್ನಡಕದ ಅಂಗಡಿ. ನಡುವೆ ಒಂದೇ ಗೋಡೆ, ಅದೂ ತೆಳ್ಳಗಿನದು, ಆ ಕಡೆ ಸೀನಿದರೆ ಈ ಕಡೆ ಕೇಳುತ್ತದೆ. ಇದ್ದದ್ದು ಇದ್ದ ಹಾಗೆ ಕಾಣಲಿ ಎಂದು ನಾನು ದಿನವಿಡೀ ಜನರ ಮೂಗಿನ ಮೇಲೆ ಗಾಜು ಕೂರಿಸುತ್ತೇನೆ. ಅದೇ ಜನ ಪಕ್ಕದ ಬಾಗಿಲಿಗೆ ಹೋಗಿ ಇದ್ದದ್ದು ಕಾಣದ ಹಾಗೆ ಮಾಡಿಸಿಕೊಂಡು ಬರುತ್ತಾರೆ. ಯಾರಿಗೆ ಗಿರಾಕಿ ಜಾಸ್ತಿ ಎಂದು ನಾನು ಬಾಯಿಬಿಟ್ಟು ಹೇಳಬೇಕಿಲ್ಲ. ಹೊಟ್ಟೆಕಿಚ್ಚೇ ಎಂದು ಕೇಳಿದರೆ, ಹೌದು, ಇದೆ.

ಆದರೆ ಭಾವ ಒಳ್ಳೆಯ ಮನುಷ್ಯ. ಒಳ್ಳೆಯತನವೇ ಅವರ ಕಾಯಿಲೆ ಎಂದು ನನ್ನ ಅಕ್ಕ ಹೇಳುತ್ತಾಳೆ. ಇಬ್ಬರು ಜಗಳವಾಡಿ ಇವರ ಹತ್ತಿರ ಬಂದರೆ ಇಬ್ಬರದ್ದೂ ಸರಿ ಎಂದು ಕಳಿಸುತ್ತಾರೆ. ಒಮ್ಮೆ ಮನೆಯ ಬಾಗಿಲಿಗೆ ಯಾವ ಬಣ್ಣ ಹೊಡೆಸುವುದು ಎಂದು ಅಕ್ಕಪಕ್ಕದವರನ್ನೆಲ್ಲ ಕೇಳಿ, ಯಾರಿಗೂ ಬೇಜಾರಾಗಬಾರದು ಎಂದು ಎಲ್ಲರ ಬಣ್ಣವನ್ನೂ ಬೆರೆಸಿ ಹೊಡೆಸಿದರು. ಆ ಬಾಗಿಲಿನ ಬಣ್ಣಕ್ಕೆ ಇವತ್ತಿನವರೆಗೂ ಯಾರೂ ಹೆಸರು ಹೇಳಿಲ್ಲ. ಅಕ್ಕ ಮಾತ್ರ ಅದನ್ನು ತಳ್ಳಿಕೊಂಡು ಒಳಗೆ ಹೋಗುವಾಗಲೆಲ್ಲ ಮೂಗು ಮುರಿಯುತ್ತಾಳೆ.

ಅವರ ಕಂಪ್ಯೂಟರ್ ಕೆಲಸವೂ ಹೆಚ್ಚುಕಡಿಮೆ ಆ ಬಾಗಿಲಿನ ಹಾಗೆಯೇ ಎಂದು ನನಗೆ ತಿಳಿದದ್ದು ಅವರೇ ಬಿಡಿಸಿ ಹೇಳಿದ ಮೇಲೆ. ಗಿರಾಕಿ ಇಲ್ಲದ ಒಂದು ಮಧ್ಯಾಹ್ನ ನನ್ನನ್ನು ಸ್ಟುಡಿಯೋ ಬಾಗಿಲಲ್ಲಿ ನಿಲ್ಲಿಸಿ ಎದುರಿನ ಕಟ್ಟಡವನ್ನು ತೋರಿಸಿದರು. ಮೂರು ಮಹಡಿ, ಮಹಡಿಗೆ ಮೂರು ಕಿಟಕಿ.

"ನಡುವಿನ ಕಿಟಕಿ ನೋಡು. ಆ ಮನೇಲಿ ರೇಡಿಯೋ ಜೋರು ಅಂತ ಇಟ್ಕೋ. ಸುತ್ತಲಿನ ಎಂಟು ಮನೇಲೂ ಮೆಲ್ಲಗಿದೆ. ಫೋಟೋ ಅಂದ್ರೆ ಇಂಥ ಕಿಟಕಿಗಳೇ ಕಣೋ, ಲಕ್ಷಗಟ್ಟಲೆ ಚುಕ್ಕಿಗಳು. ನಾನು ಒಂದೊಂದು ಚುಕ್ಕಿ ಹತ್ರಾನೂ ಹೋಗಿ, ನೀನೂ ನಿನ್ನ ಎಂಟು ನೆರೆಯವರೂ ಕೂಡಿಸಿ ಭಾಗಿಸಿ ಬಂದಷ್ಟೇ ಸದ್ದು ಮಾಡು ಅಂತೀನಿ. ಜೋರಿದ್ದದ್ದು ತಗ್ಗುತ್ತೆ, ಎಲ್ಲಾ ಒಂದೇ ಸಮ ಆಗುತ್ತೆ. ಅದೇ ನುಣುಪು."

"ಜೋರಾಗಿ ಕೂಗೋನು ಒಬ್ಬನೇ ಇದ್ರೆ, ಅವನಿಂದ ಎಲ್ಲರ ಲೆಕ್ಕಾನೂ ಕೆಡಲ್ವಾ ಭಾವ?"

"ಕೆಡುತ್ತೆ. ಹಳೇ ಫೋಟೋ ಮೇಲೆ ಉಪ್ಪು ಚೆಲ್ಲಿದ ಹಾಗೆ ಬಿಳಿ ಚುಕ್ಕಿ ಇರುತ್ತಲ್ಲ, ಅಲ್ಲಿ ಕೂಡಿಸಿ ಭಾಗಿಸಬಾರದು. ಒಂಬತ್ತು ಜನಾನ ಸದ್ದಿನ ಪ್ರಕಾರ ಸಾಲಾಗಿ ನಿಲ್ಲಿಸಿ, ಮಧ್ಯದಲ್ಲಿ ನಿಂತೋನ ಮಾತು ಕೇಳಬೇಕು. ಕಿರುಚೋನು ಸಾಲಿನ ಕೊನೇಲಿ ಕಿರುಚ್ತಾ ಇರ್ತಾನೆ, ಯಾರೂ ಕೇಳಿಸ್ಕೊಳಲ್ಲ."

"ಮತ್ತೆ ಸ್ಪಷ್ಟ ಮಾಡೋದು?"

"ಅದು ಉಲ್ಟಾ. ನೆರೆಯವರಿಗಿಂತ ನೀನು ಎಷ್ಟು ಬೇರೆ ಇದ್ದೀಯ ನೋಡಿ, ಆ ವ್ಯತ್ಯಾಸವನ್ನೇ ಇನ್ನಷ್ಟು ಹೆಚ್ಚು ಮಾಡೋದು. ಕಪ್ಪಗಿದ್ದೋನು ಇನ್ನೂ ಕಪ್ಪು, ಪಕ್ಕದಲ್ಲಿ ಬೆಳ್ಳಗಿದ್ದೋನು ಇನ್ನೂ ಬಿಳಿ. ನಿನ್ನ ಅಕ್ಕ ಜಗಳದಲ್ಲಿ ಮಾಡೋದು ಇದನ್ನೇ."

ಗೋಡೆಯ ಆ ಕಡೆ ನನ್ನ ಅಂಗಡಿಯಲ್ಲಿ ಲೋಟಕ್ಕೆ ಚಹಾ ಬಗ್ಗಿಸುತ್ತಿದ್ದ ಅಕ್ಕ, "ಕೇಳಿಸ್ತು" ಎಂದಳು.

ಭಾವನಿಗೆ ಇನ್ನೊಂದು ಅಭ್ಯಾಸವಿತ್ತು, ಈ ಕಥೆಯ ಬೇರು ಅಲ್ಲಿದೆ. ಒಮ್ಮೆ ಇಸ್ತ್ರಿ ಆದ ಮೇಲೆ ಮೂಲ ಫೋಟೋವನ್ನು ಅವರು ಉಳಿಸುತ್ತಿರಲಿಲ್ಲ. ಅದರ ಮೇಲೆಯೇ ಹೊಸದನ್ನು ಉಳಿಸಿಬಿಡುವುದು. "ಇಸ್ತ್ರಿ ಮಾಡಿದ ಮೇಲೆ ಸುಕ್ಕನ್ನ ಯಾರಾದ್ರೂ ಡಬ್ಬೀಲಿ ಎತ್ತಿಡ್ತಾರಾ?" ಎನ್ನುತ್ತಿದ್ದರು. ಇದರಿಂದ ಒಮ್ಮೆ ನಿವೃತ್ತ ಪೊಲೀಸಪ್ಪನ ಕೈಯಲ್ಲಿ ಸಿಕ್ಕಿಬಿದ್ದದ್ದೂ ಇದೆ. ಆತನ ಕೆನ್ನೆಯಲ್ಲಿ ಕಳ್ಳನ ಚಾಕುವಿನ ಗಾಯದ ಗುರುತಿತ್ತು, ಇಡೀ ನೌಕರಿಯಲ್ಲಿ ಆತ ಹಿಡಿದದ್ದು ಆ ಒಬ್ಬ ಕಳ್ಳನನ್ನೇ. ಭಾವ ಅದನ್ನೂ ಅಳಿಸಿ ಕೊಟ್ಟರು. ಪೊಲೀಸಪ್ಪ ಸಿಡಿಮಿಡಿಗೊಂಡು ಬಂದು, "ನನ್ನ ಗಾಯ ವಾಪಸ್ ಕೊಡಯ್ಯಾ" ಎಂದು ಮೇಜು ಗುದ್ದಿದ. ಮೂಲ ಎಲ್ಲಿದೆ ಕೊಡಲು? ಭಾವ ಕೂತು ಗಾಯವನ್ನು ಹೊಸದಾಗಿ ಬರೆದರು, ಆತನ ನಿಜವಾದ ಗಾಯಕ್ಕಿಂತ ಚೆನ್ನಾಗಿ. ಆದರೆ ಇನ್ನೊಂದು ಕೆನ್ನೆಯ ಮೇಲೆ. ಪೊಲೀಸಪ್ಪ ಇವತ್ತಿಗೂ ನಮ್ಮ ಬೀದಿಗೆ ಬಂದರೆ ಆಚೆ ಬದಿಯಲ್ಲೇ ನಡೆಯುತ್ತಾನೆ.

ಸ್ಟುಡಿಯೋದ ಎದುರು ಗೋಡೆಯ ತುಂಬ ನನ್ನ ಅಕ್ಕ. ಮದುವೆಯಾದಾಗಿನಿಂದ ವರ್ಷಕ್ಕೊಂದರಂತೆ ಭಾವ ಅವಳ ಫೋಟೋ ತೆಗೆದು ತೂಗುಹಾಕಿದ್ದಾರೆ. ಅಷ್ಟರಲ್ಲೂ ಅವಳಿಗೆ ಒಂದೇ ವಯಸ್ಸು. ಉಟ್ಟ ಬಟ್ಟೆಯ ಮೇಲೆ ವರ್ಷ ಗುರುತಿಸಬೇಕು ಅಷ್ಟೆ. ಹೊಸ ಗಿರಾಕಿಗಳು "ನಿಮ್ಮ ಮಗಳಾ ಸಾರ್?" ಎಂದು ಕೇಳುತ್ತಾರೆ, ಭಾವ ಹಿಗ್ಗಿ ಹೀರೇಕಾಯಿ ಆಗುತ್ತಾರೆ. ಅದೇ ಹೊತ್ತಿಗೆ ನಿಜವಾದ ಅಕ್ಕ ನರೆತ ಕೂದಲನ್ನು ಕಿವಿಯ ಹಿಂದೆ ಸಿಕ್ಕಿಸಿಕೊಂಡು ನೆಲ ಒರೆಸುತ್ತಿರುತ್ತಾಳೆ, ಗಿರಾಕಿ ಅವಳಿಗೆ ಕಾಲು ಎತ್ತಿ ದಾರಿ ಬಿಡುತ್ತಾನೆ.

ನನ್ನ ಅಂಗಡಿಯಲ್ಲಿ ಇದ್ದದ್ದು ಒಂದೇ ಫೋಟೋ, ಅದೂ ನಾನೇ ಫೋನಿನಲ್ಲಿ ತೆಗೆದದ್ದು. ಕೆಲವು ವರ್ಷದ ಹಿಂದೆ ಅಂಗಡಿಗೆ ಹೊಸ ಬೋರ್ಡು ಹಾಕಿಸಿದ ದಿನ ತೆಗೆದೆ. ಕೈ ನಡುಗಿದೆ, ಬೋರ್ಡು ವಾಲಿದೆ, ಮೂಲೆಯಲ್ಲಿ ಸ್ಟೂಲಿನ ಮೇಲೆ ನಿಂತು ಬೋರ್ಡಿನ ದೂಳು ಒರೆಸುತ್ತಿರುವ ಅಕ್ಕನ ಬೆನ್ನು ಬಂದಿದೆ, ಕೂದಲು ಮೇಲೆತ್ತಿ ಗಂಟು ಹಾಕಿದ್ದಾಳೆ. ಅದಕ್ಕೆ ಚೌಕಟ್ಟು ಹಾಕಿಸಿ ಗಲ್ಲಾದ ಮೇಲೆ ಇಟ್ಟಿದ್ದೆ. ಅದನ್ನು ಕಂಡರೆ ಭಾವನಿಗೆ ಹಲ್ಲುನೋವು ಬಂದ ಹಾಗಾಗುತ್ತಿತ್ತು. "ನಿನ್ನ ಫೋನು ಒಂದು ನಿಮಿಷ ಕೊಡೋ, ಸರಿ ಮಾಡ್ತೀನಿ. ಫೋಟೋಗ್ರಾಫರನ ಬಾಮೈದ ಅಂತ ಹೇಳ್ಕೊಳ್ಳೋಕೆ ನಾಚಿಕೆ ಆಗಬೇಕು" ಎನ್ನುತ್ತಿದ್ದರು. ನಾನು ಕೊಡಲಿಲ್ಲ. ಗಿರಾಕಿಗಳು ಅವರ ಕಡೆ ಹೋಗಲಿ, ನನ್ನ ಬೋರ್ಡಾದರೂ ನನ್ನ ಹತ್ತಿರ ವಾಲಿಕೊಂಡೇ ಇರಲಿ ಎಂಬ ಹಟ.

ಹೀಗಿರುವಾಗ ಅಕ್ಕ ಒಂದು ದಿನ ನನ್ನ ಅಂಗಡಿಗೆ ಬಂದು ಬೆನ್ನು ತಿರುಗಿಸಿ ನಿಂತಳು. "ಇಲ್ಲೇನಾಗಿದೆ ನೋಡೋ, ಕುತ್ತಿಗೆ ಕೆಳಗೆ. ಬಾಚಣಿಗೆ ತಗುಲಿದ್ರೆ ಉರಿಯುತ್ತೆ. ನಿನ್ನ ಭಾವನ್ನ ಕೇಳಿದ್ರೆ ಏನಿಲ್ಲ, ನುಣ್ಣಗಿದೆ ಅಂತಾರೆ."

ಬಟ್ಟೆಯ ಅಂಚನ್ನು ಸ್ವಲ್ಪ ಸರಿಸಿ ನೋಡಿದೆ. ಒಂದು ಮಚ್ಚೆ. ನಾನು ಗಾಜು ಪರೀಕ್ಷಿಸುವ ಭೂತಗನ್ನಡಿ ಹಿಡಿದೆ. ಒಂದು ಬದಿ ದುಂಡಗಿತ್ತು, ಇನ್ನೊಂದು ಬದಿ ಒದ್ದೆ ಕಾಗದದ ಮೇಲೆ ಮಸಿ ಹರಡಿದ ಹಾಗೆ ಅಂಚು ಕೆಟ್ಟಿತ್ತು. ನಾನು ಡಾಕ್ಟರಲ್ಲ, ಆದರೆ ಅದು ನನಗೆ ಸರಿ ಕಾಣಲಿಲ್ಲ. ಪಕ್ಕಕ್ಕೆ ಹೋಗಿ ಭಾವನನ್ನು ಕೇಳಿದೆ.

"ಅದು ಮೊದಲಿಂದ ಇದೆ ಕಣೋ" ಎಂದರು.

"ಹೀಗೇ ಇತ್ತಾ?"

ಅವರು ಮೌಸಿನ ಮೇಲಿಂದ ಕೈ ತೆಗೆದರು. "ಇತ್ತೇನೋ. ಇರಬೇಕು."

ಚರ್ಮದ ಡಾಕ್ಟರು ಇರುವುದು ದೊಡ್ಡಾಸ್ಪತ್ರೆಯಲ್ಲಿ. ಅವರನ್ನು ಕಾಣಲು ತಿಂಗಳುಗಟ್ಟಲೆ ಕಾಯಬೇಕು. ಮೊದಲು ಒಂದು ಫೋಟೋ ಕಳಿಸಿ, ಅವಸರದ್ದು ಎಂದು ಅನ್ನಿಸಿದರೆ ಮುಂಚೆಯೇ ಕರೆಯುತ್ತೇವೆ ಎಂದರು ಅಲ್ಲಿಯವರು. ಫೋಟೋ ತಾನೇ, ನಮ್ಮ ಮನೆಯಲ್ಲಿ ಅದಕ್ಕೇನು ಬರ. ಭಾವ ಸ್ಟುಡಿಯೋ ಬಾಗಿಲು ಹಾಕಿ, ಎರಡು ಕಡೆ ದೀಪ ಹಚ್ಚಿ, ಅಕ್ಕನನ್ನು ಸ್ಟೂಲಿನ ಮೇಲೆ ಕೂರಿಸಿ ಬೆನ್ನಿನ ಫೋಟೋ ತೆಗೆದು ಕಳಿಸಿದರು. ಮರುದಿನ ಉತ್ತರ ಬಂತು. ಅಕ್ಕ ಅದನ್ನು ಇಬ್ಬರಿಗೂ ಓದಿ ಹೇಳಿದಳು: "ಫೋಟೋದಲ್ಲಿ ಮಚ್ಚೆ ಕಾಣಿಸುತ್ತಿಲ್ಲ. ಚರ್ಮ ತುಂಬಾ ಆರೋಗ್ಯವಾಗಿದೆ. ಗಾಬರಿ ಬೇಡ."

"ನೋಡಿದ್ಯಾ, ಆರೋಗ್ಯವಾಗಿದೆ ಅಂತೆ" ಎಂದ ಭಾವನ ಮುಖ ಅರಳಿತು. ಹೊಗಳಿಕೆ ಯಾರಿಗೆ ಸೇರಬೇಕಾದದ್ದು ಎಂದು ಹೊಳೆದದ್ದು ಸ್ವಲ್ಪ ಹೊತ್ತಿನ ಮೇಲೆ. ಅರಳಿದ ಮುಖ ಹಾಗೇ ನಿಂತುಬಿಟ್ಟಿತು.

ಅಕ್ಕ ಫೋನನ್ನು ಮೇಜಿನ ಮೇಲಿಟ್ಟಳು. "ಏನ್ರೀ, ನನ್ನ ರೋಗಕ್ಕೂ ಇಸ್ತ್ರಿ ಹೊಡೆದು ಕಳಿಸಿದ್ರಾ?"

"ನಾನು ಬೇಕಂತ ಮಾಡಿದ್ದಲ್ಲ. ಕೈ ತಾನಾಗೇ ಹೋಗಿದೆ."

"ಕೈ ಹೋಗತ್ತೆ. ಕಣ್ಣು ಎಲ್ಲಿ ಹೋಗಿತ್ತು?"

ಅವತ್ತು ಅವರು ನುಣುಪಿನ ತಂಟೆಗೇ ಹೋಗಲಿಲ್ಲ. ಬೇರೆ ಫೋಟೋ ತೆಗೆದು, ಮಾಡಿದ ತಪ್ಪಿಗೆ ಬಡ್ಡಿ ಸಮೇತ ಕೊಡುವವರ ಹಾಗೆ ಸ್ಪಷ್ಟತೆಯನ್ನು ಎಷ್ಟು ಏರಿಸಬಹುದೋ ಅಷ್ಟೂ ಏರಿಸಿದರು. ಪರದೆಯ ಮೇಲೆ ಮಚ್ಚೆ ಎದ್ದು ಕೂತಿತು. ಕಪ್ಪು ಇದ್ದಲು, ಸುತ್ತ ಬೆಳ್ಳಗೆ ಒಂದು ಉಂಗುರ, ಚರ್ಮದ ಒಂದೊಂದು ರಂಧ್ರವೂ ಗುಂಡಿ. ನನಗೇ ನೋಡಲಾಗಲಿಲ್ಲ. ಕಳಿಸಿ ಚಹಾ ಕುಡಿದು ಮುಗಿಸುವ ಮೊದಲೇ ಆಸ್ಪತ್ರೆಯಿಂದ ಫೋನು: ನಾಳೆ ಬೆಳಿಗ್ಗೆಯೇ ಕರೆದುಕೊಂಡು ಬನ್ನಿ.

ಮರುದಿನ ಬೆಳಿಗ್ಗೆ ಮೂವರೂ ಬಸ್ಸು ಹತ್ತಿದೆವು. ಭಾವ ಕಿಟಕಿಯ ಹೊರಗೆ ನೋಡುತ್ತಿದ್ದರು. ಅಕ್ಕ ದಾರಿಯಲ್ಲಿ ಒಮ್ಮೆ, "ಗ್ಯಾಸ್ ಆರಿಸಿದ್ನಾ?" ಎಂದಳು. ಅದನ್ನು ಅವಳು ಪ್ರತಿ ಪ್ರಯಾಣದಲ್ಲೂ ಕೇಳುತ್ತಾಳೆ, ಅವತ್ತು ನಾನು ಆರಿಸಿದ್ದೀಯ ಎಂದು ಎರಡು ಸಲ ಹೇಳಿದೆ.

ಡಾಕ್ಟರು ಕೂದಲನ್ನು ಗಿಡ್ಡವಾಗಿ ಕತ್ತರಿಸಿಕೊಂಡ ಹೆಂಗಸು, ಮಾತೂ ಹಾಗೆಯೇ ಗಿಡ್ಡ. ದೀಪವಿರುವ ಒಂದು ಮಸೂರವನ್ನು ಮಚ್ಚೆಯ ಮೇಲಿಟ್ಟು ನೋಡಿದರು. ಆಮೇಲೆ ತಮ್ಮ ಪರದೆಯ ಮೇಲಿದ್ದ ಫೋಟೋ ನೋಡಿದರು. ಮತ್ತೆ ಬೆನ್ನು ನೋಡಿದರು.

"ಇದು ಯಾರ ಬೆನ್ನು?"

"ಇವಳದ್ದೇ ಮೇಡಂ" ಎಂದರು ಭಾವ.

"ಈ ಬಿಳಿ ಉಂಗುರ ಎಲ್ಲಿ ಹೋಯ್ತು? ನಾನು ಅದನ್ನ ನೋಡಿ ಕರೆಸಿದ್ದು."

ಭಾವ ತಡವರಿಸುತ್ತ, ಕಪ್ಪು ಅಂಚನ್ನು ಇನ್ನೂ ಕಪ್ಪಾಗಿಸಿ ಪಕ್ಕದ್ದನ್ನು ಇನ್ನೂ ಬಿಳಿಯಾಗಿಸಿದಾಗ ಸುತ್ತಲೂ ಇಲ್ಲದ ಉಂಗುರ ಏಳುತ್ತದೆ, ಸ್ವಲ್ಪ ಜಾಸ್ತಿ ಎಳೆದುಬಿಟ್ಟೆ ಎಂದು ವಿವರಿಸಿದರು. ಎದುರಿನ ಕಟ್ಟಡದ ಕಿಟಕಿಗಳವರೆಗೂ ಹೋಗುತ್ತಿದ್ದರು, ಅಕ್ಕ ತೋಳು ಚಿವುಟಿದಳು.

"ಮೊದಲನೇದರಲ್ಲಿ ಇದ್ದ ಮಚ್ಚೆ ಇಲ್ಲ. ಎರಡನೇದರಲ್ಲಿ ಇಲ್ಲದ ಉಂಗುರ ಇದೆ" ಎಂದರು ಡಾಕ್ಟರು. "ನಿಮ್ಮ ಹೆಂಡತಿಯ ಬೆನ್ನೊಂದನ್ನ ಬಿಟ್ಟು ಬೇರೆ ಎಲ್ಲಾ ಕಳಿಸಿದ್ದೀರಿ."

ಆಮೇಲೆ ಕುರ್ಚಿ ಎಳೆದುಕೊಂಡು ಅಕ್ಕನಿಗೇ ಹೇಳಿದರು. "ನೋಡಿಯಮ್ಮ, ಇದು ಒಳ್ಳೇದು ಅಂತಲೂ ಹೇಳಕ್ಕಾಗ್ತಿಲ್ಲ, ಕೆಟ್ಟದ್ದು ಅಂತಲೂ ಹೇಳಕ್ಕಾಗ್ತಿಲ್ಲ. ಮೊದಲಿಂದ ಇಷ್ಟೇ ಇದ್ರೆ ಕಾದು ನೋಡಬಹುದು. ಈಚೆಗೆ ಬೆಳೆದಿದ್ರೆ ಕಾಯಬಾರದು, ಸುತ್ತಲಿನ ಚರ್ಮ ಸಮೇತ ಕೂಡಲೇ ತೆಗೀಬೇಕು. ನಿಮಗೆ ಅದು ಕಾಣೋ ಜಾಗ ಅಲ್ಲ. ಹಳೇ ಫೋಟೋ ಏನಾದ್ರೂ ಇದೆಯಾ? ಹೆಚ್ಚಿನವರ ಹತ್ರ ಇರಲ್ಲ, ಗೊತ್ತು."

ಅಕ್ಕನಿಗೆ ನಗು ತಡೆಯಲಾಗಲಿಲ್ಲ. "ಡಾಕ್ಟ್ರೇ, ಇವರು ಫೋಟೋಗ್ರಾಫರು. ಗೋಡೆ ತುಂಬಾ ನಾನೇ ಇದ್ದೀನಿ."

"ಹಾಗಾದ್ರೆ ಸುಲಭ ಆಯ್ತಲ್ಲ" ಎಂದರು ಡಾಕ್ಟರು.

ಭಾವ ನೆಲ ನೋಡುತ್ತಿದ್ದರು. ಯಾಕೆಂದು ನನಗೂ ಅಕ್ಕನಿಗೂ ಒಟ್ಟಿಗೆ ಅರ್ಥವಾಯಿತು, ಅವಳ ನಗು ನಿಂತಿತು.

ಮನೆಗೆ ಬಂದು ಭಾವ ಸ್ಟುಡಿಯೋದಲ್ಲಿ ಕೂತವರು ಏಳಲೇ ಇಲ್ಲ. ಅಕ್ಕ ಇದ್ದ ಪ್ರತಿ ಫೋಟೋ ತೆರೆದರು. ಎದುರು, ಪಕ್ಕ, ಹಿಂದೆ ತಿರುಗಿ ನಗುವ ಭಂಗಿ, ಒದ್ದೆ ಕೂದಲು ಒರೆಸಿಕೊಳ್ಳುವ ಭಂಗಿ. ಎಲ್ಲದರಲ್ಲೂ ಬೆನ್ನು ನೀರಿನಲ್ಲಿ ಉಜ್ಜಿದ ಕಲ್ಲಿನ ಹಾಗೆ. "ಅಳಿಸಿದ್ದನ್ನ ವಾಪಸ್ ತರಕ್ಕಾಗಲ್ವಾ ಭಾವ?" ಎಂದು ಕೇಳಿದೆ.

"ಎಂಟು ಮನೆಗೆ ಹಂಚಿದ ಮೇಲೆ ಯಾವ ಮನೇದು ಎಷ್ಟಿತ್ತು ಅಂತ ಹೇಗೋ ಹೇಳಲಿ?" ಎಂದರು. "ಮೊದಲು ಕೈಯಲ್ಲಿ ಒಂದೊಂದೇ ಚುಕ್ಕಿ ಅಳಿಸ್ತಿದ್ದೆ. ಆಗ ಅವಳ ಮೈಮೇಲಿನ ಒಂದೊಂದು ಮಚ್ಚೆಯ ಗುರುತೂ ನನಗೆ ಬಾಯಿಪಾಠ. ಈ ಒಂದೇ ಸಲ ಒತ್ತೋ ಗುಂಡಿ ಬಂದ ಮೇಲೆ ನೋಡೋದನ್ನೇ ಬಿಟ್ಟೆ." ಇಷ್ಟು ಹೇಳಿ, ಅಷ್ಟು ದೊಡ್ಡ ಮನುಷ್ಯ, ಕಣ್ಣು ಒರೆಸಿಕೊಂಡರು. ಗೋಡೆಯ ಮೇಲಿನ ಅಷ್ಟೂ ಅಕ್ಕಂದಿರು ನಗುತ್ತಲೇ ಇದ್ದರು.

ನನಗೆ ಕೂರಲಾಗಲಿಲ್ಲ. ನನ್ನ ಅಂಗಡಿಗೆ ಬಂದು ದೀಪ ಹಾಕಿದೆ. ಗಲ್ಲಾದ ಮೇಲೆ ನನ್ನ ವಾಲಿದ ಬೋರ್ಡು ಕಂಡಿತು, ಮೂಲೆಯಲ್ಲಿ ಅಕ್ಕ, ಸ್ಟೂಲಿನ ಮೇಲೆ, ಕೂದಲು ಮೇಲೆತ್ತಿ ಗಂಟು ಹಾಕಿಕೊಂಡು. ಭೂತಗನ್ನಡಿ ಹಿಡಿದೆ. ಕುತ್ತಿಗೆಯ ಕೆಳಗೆ ಸಾಸಿವೆ ಕಾಳಿನಷ್ಟು ಕಪ್ಪು. ಫೋನು ಹುಡುಕಿ ತೆಗೆದು ಚಪ್ಪಲಿಯನ್ನೂ ಮೆಟ್ಟದೆ ಪಕ್ಕಕ್ಕೆ ಓಡಿದೆ.

ಭಾವ ಆ ಫೋಟೋವನ್ನು ದೊಡ್ಡ ಪರದೆಗೆ ಹಾಕಿದರು. ಮಚ್ಚೆ ಇತ್ತು, ಆದರೆ ಮಸುಕು. ಅವರ ಕೈ ತಾನಾಗಿಯೇ ಮೌಸಿಗೆ ಹೋಯಿತು. ಸ್ಪಷ್ಟತೆ ಏರಿಸಿದರು, ಮಚ್ಚೆ ಹಿಗ್ಗಿ ಉಂಗುರ ಎದ್ದಿತು. ಇಷ್ಟು ದೊಡ್ಡದು ಅವತ್ತೇ ಇತ್ತು, ಏನೂ ಬೆಳೆದಿಲ್ಲ ಎನ್ನುವ ಹಾಗೆ. ಹಿಂದಕ್ಕೆ ತಂದು ಸ್ವಲ್ಪ ನುಣುಪು ಕೊಟ್ಟರು, ಮಚ್ಚೆ ಕರಗಿ ಇಲ್ಲವೇ ಇಲ್ಲ ಎನ್ನುವಷ್ಟಾಯಿತು. ಮತ್ತೆ ಏರಿಸಿದರು. ಅಲ್ಲಿ ಸ್ವಲ್ಪ ಹೊತ್ತು ನಿಲ್ಲಿಸಿದರು. ಏನೂ ಬೆಳೆದಿಲ್ಲ ಎಂಬ ಆ ಫೋಟೋವನ್ನು ನಾವಿಬ್ಬರೂ ನೋಡಿದೆವು. ನೋಡಲು ಹಿತವಾಗಿತ್ತು, ಸುಳ್ಳು ಹೇಳುವುದಿಲ್ಲ.

"ಯಾವುದು ಬೇಕಾದ್ರೂ ಮಾಡಬಲ್ಲೆ ಕಣೋ" ಎಂದರು ಭಾವ. "ಅದಕ್ಕೇ ಭಯ ಆಗ್ತಿದೆ." ಕೈ ತೆಗೆದು ತೊಡೆಯ ಕೆಳಗೆ ಇಟ್ಟುಕೊಂಡು ಅದರ ಮೇಲೆ ಕೂತರು. "ನಾನು ಮುಟ್ಟಲ್ಲ. ಹೇಗಿದೆಯೋ ಹಾಗೇ, ನಿನ್ನ ಫೋನಿಂದಲೇ ಕಳಿಸು. ಬೋರ್ಡು ವಾಲಿದ್ರೂ ವಾಲಿರಲಿ."

ಕಳಿಸಿದೆ. ಬೋರ್ಡಿನ ಅಕ್ಷರಗಳ ಅಳತೆ ನಮಗೆ ಗೊತ್ತಿತ್ತು, ಅದನ್ನೂ ಬರೆದು ತಿಳಿಸಿದೆವು. ಅದನ್ನು ಹಿಡಿದು ಡಾಕ್ಟರು ಹಳೆಯ ಮಚ್ಚೆಯನ್ನು ಅಳೆದರು, ಬೆಳೆದದ್ದು ಖಚಿತವಾಯಿತು. ಆ ವಾರವೇ ತೆಗೆದುಹಾಕಿದರು. ತೆಗೆದದ್ದನ್ನು ಪರೀಕ್ಷೆಗೆ ಕಳಿಸಿ ಉತ್ತರ ಬರುವವರೆಗೂ ಭಾವ ಮನೆಯಲ್ಲಿ ಯಾವ ವಿಷಯಕ್ಕೂ ಯಾರನ್ನೂ ಸಮಾಧಾನ ಮಾಡಲಿಲ್ಲ, ಅದೇ ಅವರ ಆತಂಕದ ಅಳತೆ. ಕೊನೆಗೆ ಡಾಕ್ಟರು ಕರೆದು ಹೇಳಿದರು: ಇದು ಕೆಟ್ಟದ್ದಾಗುವ ಹಾದಿ ಹಿಡಿದಿತ್ತು, ಇನ್ನೂ ಆಗಿರಲಿಲ್ಲ, ಪೂರ್ತಿ ತೆಗೆದಾಗಿದೆ. ಕಾದಿದ್ದರೆ ಇದೇ ಮಾತು ಹೇಳುವುದಕ್ಕಾಗುತ್ತಿರಲಿಲ್ಲ. ಇನ್ನು ಆಗಾಗ ಬೆನ್ನಿನ ಫೋಟೋ ತೆಗೆದು ಕಳಿಸುತ್ತಿರಬೇಕು. "ತೆಗೆಯೋದು ನೀವೇ ಆಗಬಹುದು" ಎಂದು ಭಾವನಿಗೆ ಹೇಳಿ, ನನ್ನ ಕಡೆ ತಿರುಗಿ, "ಕಳಿಸೋದು ಇವರು" ಎಂದರು.

ಹೊರಗೆ ಬಂದು ಅಕ್ಕ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಅಳುತ್ತಾಳೆ ಎಂದುಕೊಂಡೆವು. "ನನಗೆ ಹಸಿವಾಗ್ತಿದೆ" ಎಂದಳು.

ಆ ವರ್ಷದ ಫೋಟೋವನ್ನು ಭಾವ ಗೋಡೆಗೆ ಹಾಕಿದ್ದು ಅವಳ ಗಾಯ ಮಾಗಿದ ಮೇಲೆ. ಅಕ್ಕ ಸ್ಟೂಲಿನ ಮೇಲೆ ಅರ್ಧ ತಿರುಗಿ ಕೂತಿದ್ದಾಳೆ. ನರೆ ನರೆಯೇ, ಕಣ್ಣಿನ ಸುತ್ತ ಗೆರೆಗಳು ಗೆರೆಗಳೇ, ಕುತ್ತಿಗೆಯ ಕೆಳಗೆ ಹೊಲಿಗೆಯ ಗುರುತು ಎದ್ದು ಕಾಣುತ್ತದೆ. ಗಿರಾಕಿಗಳಿಗೆ ಮಾತ್ರ ಇಸ್ತ್ರಿ ಮೊದಲಿನಂತೆಯೇ ನಡೆದಿದೆ, ಅವರು ಕೇಳಿ ಮಾಡಿಸಿಕೊಳ್ಳುವವರು. ಆದರೆ ಈಗ ಮೂಲವನ್ನೂ ಒಂದು ಕಡೆ ಎತ್ತಿಡುತ್ತಾರೆ.

ಮೊನ್ನೆ ಒಬ್ಬ ಹೊಸ ಗಿರಾಕಿ ದೀಪದ ಮುಂದೆ ಕೂತು ಗೋಡೆಯತ್ತ ಕಣ್ಣಾಡಿಸುತ್ತಿದ್ದ. ನಾನು ಈ ಕಡೆ ಗಾಜು ಉಜ್ಜುತ್ತಿದ್ದೆ. ಗೋಡೆ ತೆಳ್ಳಗಿನದು ಎಂದು ಮೊದಲೇ ಹೇಳಿದ್ದೇನೆ.

"ಈ ಹೊಸ ಫೋಟೋದಲ್ಲಿರೋರು ಯಾರು ಸಾರ್, ನಿಮ್ಮ ಅಕ್ಕನಾ?"

"ಅಲ್ಲ, ನನ್ನ ಹೆಂಡತಿ."

"ಹೌದಾ? ಮತ್ತೆ ಸುತ್ತಲೂ ಇರೋರು?"

ಗೋಡೆಯಾಚೆ ಸ್ಟ್ಯಾಂಡು ಕಿರ್ರೆಂದಿತು. ಭಾವ ಕ್ಯಾಮೆರಾ ಸರಿಮಾಡಿಕೊಳ್ಳುತ್ತಿದ್ದರೆಂದು ಕಾಣುತ್ತದೆ.

"ಅವರ ಪರಿಚಯ ನನಗೆ ಅಷ್ಟಾಗಿ ಇಲ್ಲ" ಎಂದರು.

ನೆಲ ಒರೆಸುತ್ತಿದ್ದ ಅಕ್ಕ ನಕ್ಕದ್ದು ನನ್ನ ಅಂಗಡಿಯಲ್ಲಿ ಗಾಜು ಕೊಳ್ಳಲು ಬಂದವರಿಗೂ ಕೇಳಿಸಿತು. ಆಮೇಲೆ ಅವಳು ಗಿರಾಕಿಗೆ ಕಾಲು ಎತ್ತಲು ಹೇಳಿದಳು.